ಪದಚರ್ಚೆ: ಮೀನಿನ ಹೃದಯ ನೀರಿಗೆ ‘ಹೊಂದಿಕೊಳ್ಳುವುದೋ’, ‘ಒಗ್ಗುವುದೋ’?

ಬಳಗದವರಿಗೆ ನಮಸ್ಕಾರ.

ನೀರು ಬದಲಾದಾಗ ಮೀನಿನ ಹೃದಯದಲ್ಲಿ ಏನೇನು ಬದಲಾಗುತ್ತದೆ ಎಂಬುದರ ಮೇಲೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಶಾಲಾ ಪುಸ್ತಕಗಳು ಇಂಥದ್ದಕ್ಕೆಲ್ಲ ‘ಹೊಂದಾಣಿಕೆ’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಆದರೆ ಇಲ್ಲಿರುವುದು ಮೂರು ಬೇರೆ ಬೇರೆ ಸಂಗತಿ.

ಒಂದು, ಕ್ಷಣದ್ದು. ನೀರಿನಲ್ಲಿ ಆಮ್ಲಜನಕ ಇಳಿದರೆ ಬಹುತೇಕ ಮೀನುಗಳ ಎದೆಬಡಿತ ನಿಧಾನವಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಬಡಿತಕ್ಕೆ ಕಡಿವಾಣ ಹಾಕುತ್ತದೆ. ಸಾಮಾನ್ಯವಾಗಿ ಒಂದೊಂದು ಬಡಿತಕ್ಕೂ ಹೊರಬೀಳುವ ರಕ್ತ ಹೆಚ್ಚುತ್ತದೆ. ಇದನ್ನು ‘ಸ್ಪಂದನೆ’ ಎನ್ನೋಣವೆಂದರೆ, ಹೃದಯದ ಮಾತು ಬಂದಾಗ ಸ್ಪಂದನವೆಂದರೆ ಬಡಿತವೇ! ‘ಹೃದಯದ ಸ್ಪಂದನೆ ನಿಧಾನವಾಯಿತು’ ಎಂದರೆ ಓದುಗ ಯಾವುದನ್ನು ತಿಳಿಯಬೇಕು? ಹಾಗಾಗಿ ‘ಪ್ರತಿಕ್ರಿಯೆ’ಯನ್ನೇ ಇಟ್ಟುಕೊಂಡಿದ್ದೇನೆ.

ಎರಡನೆಯದು ವಾರಗಟ್ಟಲೆ ನಡೆಯುವಂಥದ್ದು, ನನ್ನ ತಲೆನೋವೂ ಅದೇ. ರೇನ್‌ಬೋ ಟ್ರೌಟ್ ಮೀನನ್ನು ಕೆಲವು ವಾರ ತಣ್ಣನೆಯ ನೀರಿನಲ್ಲಿಟ್ಟರೆ ಅದರ ಹೃತ್ಕುಕ್ಷಿ (ರಕ್ತವನ್ನು ಹೊರತಳ್ಳುವ ಕೋಣೆ) ದೊಡ್ಡದಾಗುತ್ತದೆ, ಸ್ನಾಯುವಿನ ನಡುವೆ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಹೆಚ್ಚುತ್ತದೆ. ಚಳಿಗೆ ಮಂದವಾದ ರಕ್ತವನ್ನು ತಳ್ಳಬೇಕಲ್ಲ! ಬೆಚ್ಚನೆಯ ನೀರಿನಲ್ಲಿಟ್ಟರೆ ಕೊಲಾಜೆನ್ ಕಡಿಮೆಯಾಗುತ್ತದೆ. ಅದೇ ಮೀನು, ಅದೇ ಹೃದಯ. ಮರಿಗಳಿಗೆ ಬಳುವಳಿಯಾಗಿ ಹೋಗುವಂಥದ್ದಲ್ಲ. ಇಂಗ್ಲಿಷಿನವರ ‘ಅಕ್ಲಿಮೇಶನ್’ ಇದು. ಇದಕ್ಕೆ ನನ್ನ ಮತ ‘ಒಗ್ಗಿಕೆ’ಗೆ. ‘ಆ ಊರಿನ ನೀರು ಒಗ್ಗಲಿಲ್ಲ’ ಎಂದು ನಾವು ಹೇಳುವುದು ಇದೇ ಅರ್ಥದಲ್ಲಿ ತಾನೆ? ಪ್ರೇರಣಾರ್ಥಕವೂ ಕೈಗೆ ಸಿಗುತ್ತದೆ: ‘5 ಡಿಗ್ರಿಗೆ ಒಗ್ಗಿಸಿದ ಮೀನು’. ‘ಹೊಂದಾಣಿಕೆ ಮಾಡಿಸಿದ ಮೀನು’ ಎಂದು ಬರೆದು ನೋಡಿ, ಪಂಚಾಯಿತಿಯಲ್ಲಿ ರಾಜಿಗೆ ಬಂದ ಹಾಗಿರುತ್ತದೆ.

ಮೂರನೆಯದು ತಲೆಮಾರುಗಳದ್ದು, ಅಂದರೆ ‘ಅಡಾಪ್ಟೇಶನ್’. ಅಂಟಾರ್ಕ್ಟಿಕದ ಐಸ್‌ಫಿಶ್‌ಗಳ ರಕ್ತದಲ್ಲಿ ಹಿಮೋಗ್ಲೋಬಿನ್ನೇ ಇಲ್ಲ, ರಕ್ತ ಕೆಂಪಗಿರುವುದಿಲ್ಲ. ಸೊನ್ನೆಗಿಂತ ಕೆಳಗಿಳಿಯುವ ಆ ಕಡಲಿನಲ್ಲಿ ಆಮ್ಲಜನಕ ಹೇರಳವಾಗಿ ಕರಗಿರುತ್ತದೆ. ರಕ್ತದ ನೀರಿನಂಶದಲ್ಲಿ ಕರಗಿದಷ್ಟರಲ್ಲೇ ಅವು ಬದುಕುತ್ತವೆ. ಕೊರತೆ ತುಂಬಲು ರಕ್ತ ಹೆಚ್ಚು, ಅದನ್ನು ಸುತ್ತಿಸಲು ಹೃದಯವೂ ದೊಡ್ಡದು. ಹಿಮೋಗ್ಲೋಬಿನ್ ಕಳೆದುಕೊಂಡಿದ್ದು ಲಾಭವೋ ಅಲ್ಲವೋ ಎಂಬ ವಾದ ವಿಜ್ಞಾನಿಗಳಲ್ಲೇ ಇದೆ. ಇಲ್ಲಿ ಮಾತ್ರ ‘ಹೊಂದಾಣಿಕೆ’ಯ ಮನೆಮಾತಿನ ಅರ್ಥವೂ ಚೆನ್ನಾಗಿ ಕೂರುತ್ತದೆ, ಇರುವುದರಲ್ಲೇ ಸಂಸಾರ ತೂಗಿಸುವುದು! ಪಠ್ಯಗಳಲ್ಲೂ ಬೇರೂರಿದ ಪದ, ಇರಲಿ ಬಿಡಿ.

ಉತ್ತರ ಯುರೋಪಿನ ಕ್ರೂಷಿಯನ್ ಕಾರ್ಪ್ ಎಂಬ ಮೀನು ನನ್ನ ಈ ವಿಂಗಡಣೆಯನ್ನೇ ಕಲಕುತ್ತದೆ. ಆಮ್ಲಜನಕ ಒಂದಿಷ್ಟೂ ಇಲ್ಲದ ತಣ್ಣೀರಿನಲ್ಲಿ 5 ದಿನ ಇಟ್ಟರೂ ಅದರ ಹೃದಯ ಹೆಚ್ಚುಕಡಿಮೆ ಎಂದಿನಷ್ಟೇ ರಕ್ತ ಹರಿಸಿತ್ತು. ಲ್ಯಾಕ್ಟಿಕ್ ಆಮ್ಲವನ್ನು ಆಲ್ಕೋಹಾಲ್ ಮಾಡಿ ಕಿವಿರಿನ ಮೂಲಕ ಹೊರಹಾಕುವ ಮೀನು ಇದು. ಈ ಸಾಮರ್ಥ್ಯ ತಲೆಮಾರುಗಳಿಂದ ಬಂದದ್ದು, ಬಳಕೆ ಆಯಾ ಚಳಿಗಾಲದ್ದು. ಇದನ್ನು ಯಾವ ಪದದಡಿ ಇಡಲಿ?

ಇನ್ನೊಂದು ವ್ಯಾಕರಣದ ತೊಡಕು. ‘ನನಗೆ ನೀರು ಒಗ್ಗಿತು’ ಎಂಬಲ್ಲಿ ಒಗ್ಗುವುದು ನೀರು. ‘ಮೀನು ನೀರಿಗೆ ಒಗ್ಗಿತು’ ಎಂಬಲ್ಲಿ ಮೀನು. ಎರಡೂ ಕಿವಿಗೆ ಸರಿಯೆನಿಸುತ್ತವೆ. ಶಾಸ್ತ್ರಬರಹದಲ್ಲಿ ಎರಡನೆಯದನ್ನೇ ಹಿಡಿಯುವುದು ಸರಿಯೇ? ಮೀನುಮರಿಗಳನ್ನು ಕೆರೆಗೆ ಬಿಡುವ ಮೊದಲು ಚೀಲವನ್ನು ಸ್ವಲ್ಪ ಹೊತ್ತು ನೀರಿನಲ್ಲಿ ತೇಲಿಬಿಡುತ್ತಾರಲ್ಲ, ಆ ಕೆಲಸಕ್ಕೆ ನಿಮ್ಮ ಕಡೆಯ ಮೀನು ಸಾಕುವವರು ಏನೆನ್ನುತ್ತಾರೆ? ಕರಾವಳಿಯವರೂ ಬಯಲುಸೀಮೆಯವರೂ ತಿಳಿಸಿದರೆ ಉಪಕಾರವಾಗುತ್ತದೆ.