ಡಿಸ್ಪೇಸ್‌ನಲ್ಲಿ ಭೂವಿಜ್ಞಾನ ಪಾಠಗಳ ಸಂಗ್ರಹ: ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುತ್ತಿಲ್ಲ, ಸಹಾಯ ಬೇಕು

ಬೆಟ್ಟದಹೂವು · ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದರ ಹಿಂದೆ ಬಿದ್ದು ಸಾಕಾಗಿದೆ. ನಾನು ಚಿತ್ರದುರ್ಗ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸುತ್ತಲಿನ ನಾಲ್ಕೈದು ಶಾಲೆಯವರು ಸೇರಿ ಭೂವಿಜ್ಞಾನದ ಪಾಠ, ಫೋಟೊ, ನಕ್ಷೆ ಎಲ್ಲ ಒಂದೇ ಕಡೆ ಇಡೋಣ ಅಂತ ಡಿಸ್ಪೇಸ್ 7 (ಡಿಜಿಟಲ್ ಸಂಗ್ರಹದ ತಂತ್ರಾಂಶ) ಹಾಕಿಕೊಂಡೆವು. ಈಗ 340 ಐಟಂ ಇವೆ. ಮರಡಿಹಳ್ಳಿಯ ದಿಂಬು ಲಾವಾ ಫೋಟೊಗಳಿವೆ, ನಿವೃತ್ತ ಮೇಷ್ಟ್ರೊಬ್ಬರ 20 ವರ್ಷದ ಟಿಪ್ಪಣಿಗಳಿವೆ. ಅವರ ಟಿಪ್ಪಣಿಯಲ್ಲಿ ಪ್ರತಿ ಪುಟಕ್ಕೂ ‘ಶಿಲೆ’ ಅನ್ನುವ ಪದ ಬರುತ್ತದೆ. ಆದರೆ ‘ಶಿಲೆ’ ಅಂತ ಹುಡುಕಿದರೆ ಬರೋದು ನಾಲ್ಕೇ ನಾಲ್ಕು! ಇಂಗ್ಲಿಷ್ ಪಿಡಿಎಫ್‌ಗಳು ಸರಿಯಾಗಿ ಸಿಗುತ್ತವೆ. ಕನ್ನಡ ಫೈಲ್ ತೆರೆದರೆ ಓದೋಕೆ ಚೆನ್ನಾಗಿಯೇ ಇದೆ. ಮುಂದಿನ ವಾರ ಬೇರೆ ಶಾಲೆಯವರಿಗೆ ತೋರಿಸಬೇಕು. ಏನು ಮಾಡಲಿ?

ಸರ್ವರ್‌ಸಂಗಾತಿ · ಶನಿವಾರ ರಾತ್ರಿ 11:05

ಮೇಡಂ, ಇದು ಇಂಡೆಕ್ಸ್ ಸಮಸ್ಯೆ, ಅಂದ್ರೆ ಹುಡುಕಾಟಕ್ಕೆ ಡಿಸ್ಪೇಸ್ ಕಟ್ಟಿಕೊಳ್ಳುವ ಪದಪಟ್ಟಿಯದ್ದು. ನೂರಕ್ಕೆ ನೂರು. ಇಂಡೆಕ್ಸ್-ಡಿಸ್ಕವರಿ ಕಮಾಂಡಿಗೆ ‘ಮೈನಸ್ ಬಿ’ ಕೊಟ್ಟು ಪೂರ್ತಿ ಹೊಸದಾಗಿ ಕಟ್ಟಿಸಿ.

ಬೆಟ್ಟದಹೂವು · ಭಾನುವಾರ ಬೆಳಗ್ಗೆ 7:15

ಮಾಡಿದೆ ಸರ್. ಅದೇ ನಾಲ್ಕು.

ಸರ್ವರ್‌ಸಂಗಾತಿ · ಭಾನುವಾರ ಬೆಳಗ್ಗೆ 7:40

ಹಾಗಾದ್ರೆ ಇಂಡೆಕ್ಸ್ ಅರ್ಧಕ್ಕೇ ನಿಂತಿರಬೇಕು. ರಾಮ್ ಎಷ್ಟಿದೆ? ಡಿಸ್ಪೇಸ್ 7 ಅಂದ್ರೆ ವೆಬ್ ಸರ್ವರ್ ಟಾಮ್‌ಕ್ಯಾಟ್, ಹುಡುಕಾಟಕ್ಕೆ ಸೋಲರ್, ಡೇಟಾ ಇಡೋಕೆ ಪೋಸ್ಟ್‌ಗ್ರೆಸ್, ಅದರ ಮೇಲೆ ಆಂಗ್ಯುಲರ್ ಮುಖಪುಟ. ಎಲ್ಲ ಒಂದೇ ಡಬ್ಬದಲ್ಲಿ ಓಡಬೇಕು.

ಬೆಟ್ಟದಹೂವು · ಭಾನುವಾರ ಬೆಳಗ್ಗೆ 8:02

8 ಜಿಬಿ. ಲ್ಯಾಬಿನ ಹಳೇ ಕಂಪ್ಯೂಟರ್, ಉಬುಂಟು.

ಸರ್ವರ್‌ಸಂಗಾತಿ · ಭಾನುವಾರ ಬೆಳಗ್ಗೆ 8:10

ಸಿಕ್ತು ನೋಡಿ, ರಾಮ್ ಕಡಿಮೆ. ನಾನು ಮನೆಯಲ್ಲಿ 32 ಜಿಬಿ ಹಾಕಿದ್ದೇನೆ.  ಎರಡು ವರ್ಷದಲ್ಲಿ ಒಂದು ಸಲವೂ ನಿಂತಿಲ್ಲ. ಸೋಲರ್‌ಗೆ ಒಂದೇ 4 ಜಿಬಿ ಕೊಟ್ಟಿದ್ದೇನೆ.

ಹಂಚಿನಮನೆ · ಭಾನುವಾರ ಬೆಳಗ್ಗೆ 9:30

340 ಐಟಂಗೆ ಡಿಸ್ಪೇಸ್ ಯಾಕೆ ಬೇಕಿತ್ತು? ಇದೇ ಕೆಲಸದ ಸಣ್ಣ ತಂತ್ರಾಂಶ ಗ್ರೀನ್‌ಸ್ಟೋನ್ ಸಾಕಾಗಿತ್ತು. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದವರು ಮಾಡಿದ್ದು, ಯುನೆಸ್ಕೊ ಜೊತೆ ಸೇರಿ ಹಂಚಿದ್ದು. ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಇಡೀ ಸಂಗ್ರಹವನ್ನು ಸಿ.ಡಿ.ಗೆ ಹಾಕಿ ನೆಟ್ ಇಲ್ಲದ ಶಾಲೆಗೂ ಕೊಡಬಹುದು.

ಸರ್ವರ್‌ಸಂಗಾತಿ · ಭಾನುವಾರ ಬೆಳಗ್ಗೆ 9:48

ಈಗ ಸಿ.ಡಿ. ಡ್ರೈವ್ ಯಾವ ಶಾಲೆಯಲ್ಲಿದೆ ಸರ್? ನಾಳೆ ಐದು ಸಾವಿರ ಐಟಂ ಆದಾಗ ಮತ್ತೆ ಎಲ್ಲ ಬದಲಾಯಿಸಬೇಕಾ?

ಹಂಚಿನಮನೆ · ಭಾನುವಾರ ಬೆಳಗ್ಗೆ 9:55

ಪೆನ್‌ಡ್ರೈವ್‌ಗೂ ಹಾಕಬಹುದು. ಮಕ್ಕಳಿಗೆ ಬೇಕಾಗಿರೋದು ಪಾಠ, ಸರ್ವರ್ ಅಲ್ಲ.

ಲಾಲ್‌ಬಾಗ್‌ಬಂಡೆ · ಭಾನುವಾರ ಮಧ್ಯಾಹ್ನ 12:20

ನಿಮ್ಮ ಸಂಗ್ರಹ ನೋಡಿದೆ ಮೇಡಂ, ತುಂಬಾ ಖುಷಿ ಆಯ್ತು. ಕೊಡೆ ಪಕ್ಕ ಇಟ್ಟು ತೆಗೆದ ದಿಂಬು ಲಾವಾ ಫೋಟೊ ಇದೆಯಲ್ಲ, ಅಳತೆ ಎಷ್ಟು ಚೆನ್ನಾಗಿ ಗೊತ್ತಾಗುತ್ತದೆ! ನೀರೊಳಗೆ ಉಕ್ಕಿದ ಲಾವಾದ ಹೊರಮೈ ತಕ್ಷಣ ತಣ್ಣಗಾಗಿ ದಿಂಬಿನ ಹಾಗೆ ಉಬ್ಬಿದ್ದು ಅದರಲ್ಲೇ ಕಾಣುತ್ತದೆ. ಆದರೆ ಲಾಲ್‌ಬಾಗ್ ಬಂಡೆಯನ್ನು ‘ಗ್ರಾನೈಟ್’ ಅಂತ ಹಾಕಿದ್ದೀರಿ. ಅದು ನೈಸ್, ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಬದಲಾದ ಪಟ್ಟೆಯ ಕಲ್ಲು. ಹತ್ತಿರ ಹೋಗಿ ನೋಡಿದರೆ ಕಪ್ಪು ಬಿಳಿ ಪಟ್ಟೆ ಕಾಣುತ್ತವೆ. ವಯಸ್ಸು ಸುಮಾರು 300 ಕೋಟಿ ವರ್ಷ. ಭೂವಿಜ್ಞಾನಿ ಸ್ಮೀತ್ ಅವರು 1916ರಲ್ಲಿ ಈ ಜಾತಿಯ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಅಂತ ಹೆಸರಿಟ್ಟರು. ಹಾಗೇ ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಂಬಗಳಿಗೆ ‘ಬೆಸಾಲ್ಟ್’ ಅಂತಿದೆ. ಬೋರ್ಡಿನಲ್ಲಿ ಹಾಗೇ ಇರಬಹುದು, ಆದರೆ ಆ ಕಲ್ಲು ರಯೋಲೈಟ್–ಡೇಸೈಟ್ ಜಾತಿಯದು, ಅದೂ ಲಾವಾದಿಂದ ಆದದ್ದೇ, ಆದರೆ ಬೆಸಾಲ್ಟ್‌ಗಿಂತ ಸಿಲಿಕಾ ಹೆಚ್ಚು.

ಹಂಚಿನಮನೆ · ಭಾನುವಾರ ಮಧ್ಯಾಹ್ನ 12:45

ಕೀವರ್ಡ್‌ಗಳೂ ಒಂದೇ ಥರ ಇಲ್ಲ. ಒಂದೇ ಜಾತಿಯ ಕಲ್ಲಿಗೆ ಒಂದು ಕಡೆ ‘ಕಣಶಿಲೆ’, ಇನ್ನೊಂದು ಕಡೆ ‘ಜಲಜ ಶಿಲೆ’, ಮತ್ತೊಂದರಲ್ಲಿ ‘ಪದರು ಶಿಲೆ’. ಪಠ್ಯಪುಸ್ತಕದ ಪದ ಒಂದನ್ನೇ ಇಟ್ಟುಕೊಳ್ಳಿ.

ಲಾಲ್‌ಬಾಗ್‌ಬಂಡೆ · ಭಾನುವಾರ ಮಧ್ಯಾಹ್ನ 1:10

ಒಂದನ್ನೇ ಯಾಕೆ? ಮೂರೂ ಇರಲಿ. ಮಕ್ಕಳ ಬಾಯಿಗೆ ಯಾವ ಪದ ಬರುತ್ತೋ ಅದರಿಂದಲೇ ಸಿಗಬೇಕು ಅಲ್ವಾ?

ಬೆಟ್ಟದಹೂವು · ಭಾನುವಾರ ಸಂಜೆ 6:30

ನೈಸ್ ಸರಿ ಮಾಡಿದೆ ಸರ್, ಧನ್ಯವಾದ. ದ್ವೀಪದ್ದೂ ತಿದ್ದುತ್ತೇನೆ. ಪಕ್ಕದ ಶಾಲೆಯಿಂದ ರಾಮ್ ತಂದು 16 ಜಿಬಿ ಮಾಡಿದೆ. ಇಂಡೆಕ್ಸ್ ಮತ್ತೆ ಕಟ್ಟಿದೆ. ಅದೇ ನಾಲ್ಕು. ನಿಜವಾಗಲೂ ಅಳು ಬರುತ್ತಿದೆ.

ಸರ್ವರ್‌ಸಂಗಾತಿ · ಭಾನುವಾರ ಸಂಜೆ 6:52

ಸೋಲರ್ ಲಾಗ್ ಹಾಕಿ. ಅದರಲ್ಲೇ ಇರುತ್ತೆ.

ಅಚ್ಚುಮೊಳೆ · ಭಾನುವಾರ ರಾತ್ರಿ 9:15

ಲಾಗ್ ಆಮೇಲೆ. ಮೇಡಂ, ಒಂದು ಸಣ್ಣ ಕೆಲಸ ಮಾಡಿ. ಆ ಮೇಷ್ಟ್ರ ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಏನು ಕಾಣುತ್ತದೆ? ಮತ್ತೆ, ಅದನ್ನು ಯಾವುದರಲ್ಲಿ ಟೈಪ್ ಮಾಡಿದ್ದು?

ಬೆಟ್ಟದಹೂವು · ಭಾನುವಾರ ರಾತ್ರಿ 9:24

ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕಿ, ಗೆರೆ, ಪೌಂಡ್ ಗುರುತು, ಏನೇನೋ. ಟೈಪ್ ಮಾಡಿದ್ದು ನುಡಿ ತಂತ್ರಾಂಶದಲ್ಲಿ, ಎಲ್ಲರ ಹಾಗೆ. ಅದು ಹೇಳಬೇಕಿತ್ತಾ?

ಅಚ್ಚುಮೊಳೆ · ಭಾನುವಾರ ರಾತ್ರಿ 9:50

ಅದೇ ಕಾರಣ. ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಪಟ್ಟಿ ನೋಡಿ, ‘ನುಡಿ 01 ಇ’ ಅಂತಲೋ ಅಂಥದ್ದೇ ಬೇರೆಯೋ ಇರುತ್ತದೆ. ಆ ಹಳೇ ಫಾಂಟ್‌ಗಳು ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಕೋಡ್ ಇರುವ ಪದ್ಧತಿ) ಅಲ್ಲ. ಒಳಗೆ ಇರೋದು ಇಂಗ್ಲಿಷ್ ಕೋಡ್‌ಗಳು, ಅವುಗಳ ಮೇಲೆ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಕಣ್ಣಿಗೆ ‘ಶಿಲೆ’ ಕಂಡರೂ ಡಿಸ್ಪೇಸ್ ಓದೋದು ಆ ಕೋಡ್‌ಗಳನ್ನು. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ಮೇಷ್ಟ್ರದ್ದೇನೂ ತಪ್ಪಿಲ್ಲ. ನಾನು ಡಿಟಿಪಿ ಅಂಗಡಿಯಲ್ಲಿ ಕೂತು ಇಂಥ ಸಾವಿರಾರು ಪುಟ ನೋಡಿದ್ದೇನೆ. ನಿಮಗೆ ಸಿಗುತ್ತಿರುವ ನಾಲ್ಕು, ಶೀರ್ಷಿಕೆಯಲ್ಲಿ ‘ಶಿಲೆ’ ಇರುವವು ಇರಬೇಕು. ಶೀರ್ಷಿಕೆ ನೀವು ಯುನಿಕೋಡ್‌ನಲ್ಲಿ ಹಾಕಿದ್ದೀರಿ.

ಮೂಲ ವರ್ಡ್ ಫೈಲ್ ಇದ್ದರೆ ಯುನಿಕೋಡ್‌ಗೆ ಪರಿವರ್ತಿಸಿ ಹೊಸ ಪಿಡಿಎಫ್ ಮಾಡಿ, ಅದೇ ಒಳ್ಳೇದು. ಇಲ್ಲದಿದ್ದರೆ ಓಸಿಆರ್ ಮಾಡಿ, ಅಂದ್ರೆ ಪುಟದ ಚಿತ್ರ ನೋಡಿ ಅಕ್ಷರ ಗುರುತಿಸೋದು. ಅದಕ್ಕೆ ಓಸಿಆರ್‌ಮೈಪಿಡಿಎಫ್ ಹಾಕಿಕೊಳ್ಳಿ, ಅಕ್ಷರ ಗುರುತಿಸುವ ಟೆಸೆರಾಕ್ಟ್‌ನ ಕನ್ನಡ ಡೇಟಾ ಸಮೇತ. ಒಂದು ಮಾತು ನೆನಪಿರಲಿ, ‘ಫೋರ್ಸ್-ಓಸಿಆರ್’ ಕೊಡಲೇಬೇಕು. ಇಲ್ಲದಿದ್ದರೆ ಫೈಲಿನಲ್ಲಿ ಅಕ್ಷರ ಆಗಲೇ ಇದೆ ಅಂತ ಅದು ಕೆಲಸ ನಿಲ್ಲಿಸುತ್ತದೆ. ಹಳೇ ಪಿಡಿಎಫ್ ತೆಗೆದು ಹೊಸದು ಹಾಕಿ, ಫೈಲಿನೊಳಗಿನ ಪಠ್ಯ ತೆಗೆಯುವ ಫಿಲ್ಟರ್-ಮೀಡಿಯಾ ಕಮಾಂಡ್ ಓಡಿಸಿ, ಆಮೇಲೆ ಇಂಡೆಕ್ಸ್.

ಸರ್ವರ್‌ಸಂಗಾತಿ · ಭಾನುವಾರ ರಾತ್ರಿ 10:05

ಸರಿ, ಇದು ನನಗೆ ಹೊಳೆಯಲಿಲ್ಲ. ಆದರೂ 16 ಜಿಬಿ ವಾಪಸ್ ಕೊಡಬೇಡಿ, ಓಸಿಆರ್‌ಗೆ ಬೇಕಾಗುತ್ತದೆ.

ಬೆಟ್ಟದಹೂವು · ಮಂಗಳವಾರ ಸಂಜೆ 5:40

ಮೇಷ್ಟ್ರ ಮನೆಗೇ ಹೋಗಿದ್ದೆ. 61 ಪಾಠದ ವರ್ಡ್ ಫೈಲ್ ಪೆನ್‌ಡ್ರೈವಲ್ಲಿ ಇಟ್ಟುಕೊಂಡಿದ್ದರು. ಪರಿವರ್ತಿಸಿದೆ. ಮಿಕ್ಕಿದ್ದು ಓಸಿಆರ್. ಈಗ ‘ಶಿಲೆ’ಗೆ 118! ಅಚ್ಚುಮೊಳೆ ಸರ್, ಹೇಗೆ ಧನ್ಯವಾದ ಹೇಳಲಿ?

ಇನ್ನೊಂದು ಕಿರಿಕಿರಿ. ‘ಲಾಲ್‌ಬಾಗ್’ ನನ್ನ ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುತ್ತದೆ. ಒಬ್ಬ ಹುಡುಗ ಮೊಬೈಲಿನಲ್ಲಿ ‘ಲಾಲ್ಬಾಗ್’ ಅಂತ ಒತ್ತಿದ, ಸಿಗಲಿಲ್ಲ.

ಅಚ್ಚುಮೊಳೆ · ಮಂಗಳವಾರ ರಾತ್ರಿ 8:30

ನೀವು ಬರೆದ ‘ಲ್’ ಮತ್ತು ‘ಬಾ’ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. ಒತ್ತಕ್ಷರ ಆಗದ ಹಾಗೆ ತಡೆಯೋದು ಅದೇ. ಹುಡುಗ ಅದನ್ನು ಒತ್ತಿಲ್ಲ. ಸದ್ಯಕ್ಕೆ ಪರ್ಯಾಯ ಶೀರ್ಷಿಕೆಯ ಜಾಗದಲ್ಲಿ ‘ಲಾಲ್ಬಾಗ್’, ‘ಲಾಲ್ ಬಾಗ್’ ಎರಡನ್ನೂ ಸೇರಿಸಿ.

ಹಂಚಿನಮನೆ · ಮಂಗಳವಾರ ರಾತ್ರಿ 8:41

ಹಾಗಾದ್ರೆ ‘ಕಣಶಿಲೆ’ ವಿಷಯದಲ್ಲೂ ಲಾಲ್‌ಬಾಗ್‌ಬಂಡೆ ಸರ್ ಹೇಳಿದ್ದೇ ಸರಿ, ಮೂರೂ ಹಾಕಿ.

ಬೆಟ್ಟದಹೂವು · ಬುಧವಾರ ಬೆಳಗ್ಗೆ 6:50

ಹಾಕಿದೆ, ಸಿಗ್ತಿದೆ. ಈಗ ಉಳಿದಿರೋದು ನಕ್ಷೆಗಳು. ಬಣ್ಣದ ಮೇಲೆ ಸಣ್ಣ ಅಕ್ಷರ ಇರುವ ಕಡೆ ಓಸಿಆರ್ ‘ಹೊಸದುರ್ಗ’ವನ್ನು ಪೂರ್ತಿ ಬಿಟ್ಟೇ ಬಿಡುತ್ತಿದೆ. ಯಾರಾದರೂ ನಕ್ಷೆ ಮಾಡಿದ್ದೀರಾ?

ಅಚ್ಚುಮೊಳೆ · ಬುಧವಾರ ಬೆಳಗ್ಗೆ 7:30

ಎಷ್ಟು ಡಿಪಿಐಗೆ (ಇಂಚಿಗೆ ಎಷ್ಟು ಚುಕ್ಕಿ) ಸ್ಕ್ಯಾನ್ ಮಾಡಿದ್ದು?