ಟ್ರ್ಯಾಕ್‌ಪ್ಯಾಡಲ್ಲಿ ಕ್ಲಿಕ್ ಮಾಡೋಕೆ ಹೋದ್ರೆ ಬಾಣ ಜಾರ್ತಿದೆ, ಅಮ್ಮಂಗೆ ಹೇಗೆ ಕಲಿಸೋದು?

ಪುಟ್ಟಕ್ಕ_ಸಾಗರ:
ನಮಸ್ಕಾರ ಎಲ್ರಿಗೂ. ಅಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ರು, ರಿಟೈರ್ ಆದ್ಮೇಲೆ ತಮಗೆ ಗೊತ್ತಿರೋ ಮಕ್ಕಳ ಹಾಡು, ಕತೆ ಎಲ್ಲ ಟೈಪ್ ಮಾಡಿಡ್ಬೇಕು ಅಂತ ಆಸೆ, ಅದಕ್ಕೇ ಲ್ಯಾಪ್‌ಟಾಪ್ ಕೊಡ್ಸಿದೀನಿ, ವಿಂಡೋಸ್ 11. ಟೈಪಿಂಗ್ ನನಗಿಂತ ಫಾಸ್ಟ್. ಕಷ್ಟ ಆಗ್ತಿರೋದು ಟ್ರ್ಯಾಕ್‌ಪ್ಯಾಡ್. ಹಳೇ ಲ್ಯಾಪ್‌ಟಾಪಲ್ಲಿ ಕೆಳಗೆ ಎರಡು ಬಟನ್ ಇರ್ತಿತ್ತಲ್ಲ, ಇದ್ರಲ್ಲಿ ಇಲ್ಲ. ತೋರುಬೆರಳಲ್ಲಿ ಬಾಣನ ಫೈಲ್ ಮೇಲೆ ತರ್ತಾರೆ, ಅದೇ ಬೆರಳಲ್ಲಿ ಉಗುರು ಬೆಳ್ಳಗಾಗೋಷ್ಟು ಒತ್ತುತ್ತಾರೆ, ಅಷ್ಟೊತ್ತಿಗೆ ಬಾಣ ಪಕ್ಕಕ್ಕೆ ಹೋಗಿರುತ್ತೆ. ಮೊನ್ನೆ ಓಪನ್ ಮಾಡೋಕೆ ಹೋಗಿ ಫೈಲನ್ನೇ ಎಳೆದು ಬೇರೆ ಫೋಲ್ಡರ್ ಒಳಗೆ ಹಾಕ್ಬಿಟ್ಟಿದ್ರು, ಅರ್ಧ ಗಂಟೆ ಹುಡುಕಿದ್ವಿ. ಮಂಚದ ಮೇಲೆ ಕೂತು ತೊಡೆ ಮೇಲಿಟ್ಕೊಂಡು ಬರೆಯೋದ್ರಿಂದ ಮೌಸ್ ಆಗಲ್ಲ. ಏನು ಮಾಡ್ಲಿ?

ಹಾಸನದ_ಹುಡ್ಗ:
ಒತ್ತೋದೇ ಬೇಡ ಅಕ್ಕ, ಮುಟ್ಟಿದ್ರೆ ಸಾಕು. ಸೆಟ್ಟಿಂಗ್ಸಲ್ಲಿ ಬ್ಲೂಟೂತ್ ಆಂಡ್ ಡಿವೈಸಸ್, ಅದ್ರೊಳಗೆ ಟಚ್‌ಪ್ಯಾಡ್, ಅಲ್ಲಿ ಟ್ಯಾಪ್ಸ್ ಅಂತಿದೆ. ಒಂದು ಬೆರಳಿನ ಟ್ಯಾಪ್‌ಗೆ ಟಿಕ್ ಇರ್ಲಿ, ಎರಡು ಬೆರಳಿನ ಟ್ಯಾಪ್‌ಗೂ ಇರ್ಲಿ, ಅದು ರೈಟ್ ಕ್ಲಿಕ್. ಎರಡು ಸಲ ತಟ್ಟಿ ಎಳೆಯೋದು ಅಂತ ಒಂದಿದ್ಯಲ್ಲ, ಅದನ್ನ ತೆಗೆದ್ಬಿಡಿ, ಇಲ್ಲಾಂದ್ರೆ ಡಬಲ್ ಟ್ಯಾಪ್ ಮಾಡುವಾಗ ಬೆರಳು ಸ್ವಲ್ಪ ಜಾರಿದ್ರೂ ಫೈಲ್ ಎಳ್ಕೊಂಡು ಹೋಗುತ್ತೆ. ಮ್ಯಾಕಲ್ಲಿ ಟ್ಯಾಪ್ ಟು ಕ್ಲಿಕ್ ಅನ್ನೋದನ್ನ ನಾವೇ ಆನ್ ಮಾಡ್ಕೋಬೇಕು.

ಸ್ಕ್ರೂಡ್ರೈವರ್:
ಬಾಣ ಯಾಕೆ ಜಾರುತ್ತೆ ಅಂದ್ರೆ, ಪ್ಯಾಡ್ ಲೆಕ್ಕ ಹಾಕೋದು ಬೆರಳು ತಾಗಿರೋ ಜಾಗದ ನಡುಮಧ್ಯನ. ಗಟ್ಟಿಯಾಗಿ ಒತ್ತಿದ್ರೆ ಬೆರಳ ತುದಿ ಚಪ್ಪಟೆಯಾಗುತ್ತೆ, ತಾಗೋ ಜಾಗ ದೊಡ್ಡದಾಗುತ್ತೆ, ಮಧ್ಯ ಸರಿಯುತ್ತೆ, ಬಾಣನೂ ಸರಿಯುತ್ತೆ. ತಪ್ಪು ನಿಮ್ಮ ಅಮ್ಮಂದಲ್ಲ. ಇನ್ನೊಂದು, ಬಟನ್ ಇಲ್ಲದ ಪ್ಯಾಡ್‌ಗಳಲ್ಲಿ ತುಂಬಾದಕ್ಕೆ ಕೀಲು ಮೇಲಿನ ಅಂಚಲ್ಲಿ, ಅಂದ್ರೆ ಕೀಬೋರ್ಡ್ ಕಡೆ ಇರುತ್ತೆ. ಬಾಗಿಲನ್ನ ಕೀಲಿನ ಹತ್ರ ಹಿಡಿದು ತಳ್ಳಿ ನೋಡಿ, ಎಷ್ಟು ಬಿಗಿ ಅನ್ಸುತ್ತೆ, ಇದೂ ಹಾಗೇ. ಒತ್ತಲೇಬೇಕು ಅಂದ್ರೆ ಎಡಗೈ ಹೆಬ್ಬೆರಳನ್ನ ಪ್ಯಾಡಿನ ಕೆಳಗಿನ ಎಡಮೂಲೆಯಲ್ಲಿಟ್ಟು ಒತ್ತಕ್ಕೆ ಹೇಳಿ, ಬಲಗೈ ಬೆರಳು ಬರೀ ಬಾಣ ಓಡಿಸ್ಲಿ. ಕೈ ಒದ್ದೆ ಇದ್ರೆ ಒರೆಸ್ಕೊಂಡು ಮುಟ್ಟಲಿ.

ತುಂಗೆ_ದಡ:
ಇದನ್ನ ಹೇಳಲೇಬೇಕು. ಮೊದ್ಲು ಸರಿಯಿದ್ದ ಪ್ಯಾಡ್ ಇದ್ದಕ್ಕಿದ್ದಂಗೆ ಕ್ಲಿಕ್ ಆಗದೇ ಗಟ್ಟಿಯಾದ್ರೆ ಒಳಗೆ ಬ್ಯಾಟರಿ ಊದಿರಬಹುದು. ನನ್ನದು ಹಂಗೇ ಆಗಿತ್ತು, ಪ್ಯಾಡಿನ ಒಂದು ಅಂಚು ಅಕ್ಕಿ ಕಾಳಷ್ಟು ಮೇಲೆ ಬಂದಿತ್ತು, ಟೇಬಲ್ ಮೇಲಿಟ್ರೆ ಲ್ಯಾಪ್‌ಟಾಪ್ ಅಲ್ಲಾಡ್ತಿತ್ತು, ನಾನು ಕಸ ಸಿಕ್ಕಿದೆ ಅಂದ್ಕೊಂಡು ವಾರಗಟ್ಟಲೆ ಒತ್ತಿ ಒತ್ತಿ ಬಳಸಿದೆ, ಅದು ತುಂಬಾ ಅಪಾಯ. ಹಂಗೇನಾದ್ರೂ ಕಂಡ್ರೆ ಚಾರ್ಜರ್ ತೆಗೆದು ಆಫ್ ಮಾಡಿ ರಿಪೇರಿಯವರ ಹತ್ರ ಒಯ್ಯಿರಿ, ಒತ್ತಬೇಡಿ, ಚುಚ್ಚಬೇಡಿ.

ಪುಟ್ಟಕ್ಕ_ಸಾಗರ:
ಎಲ್ರಿಗೂ ಥ್ಯಾಂಕ್ಸ್. ಟೇಬಲ್ ಮೇಲಿಟ್ಟು ನೋಡಿದೆ, ಅಲ್ಲಾಡ್ತಿಲ್ಲ, ಪ್ಯಾಡ್ ಸಮವಾಗಿದೆ. ಟ್ಯಾಪ್ ಆನ್ ಇತ್ತು, ನಮಗೇ ಗೊತ್ತಿರ್ಲಿಲ್ಲ, ಎಳೆಯೋದನ್ನ ಆಫ್ ಮಾಡಿದೆ. ಮೆತ್ತಗೆ ತಟ್ಟು ಅಂದ್ರೆ ಅಮ್ಮಂಗೆ ಅಂದಾಜು ಸಿಗ್ಲಿಲ್ಲ, ಇಸ್ತ್ರಿಪೆಟ್ಟಿಗೆ ಕಾದಿದ್ಯಾ ಅಂತ ಮುಟ್ಟಿ ಬೆರಳು ತೆಗಿತೀಯಲ್ಲ ಹಾಗಮ್ಮ ಅಂದೆ, ಎರಡನೇ ಸಲಕ್ಕೇ ಫೈಲ್ ಓಪನ್ ಆಯ್ತು. ಈಗ ಎರಡು ಬೆರಳಿಂದು ಕಲೀತಿದ್ದಾರೆ.