ಅದೇ ಮಗು ಮೂರನೇ ಸಲ ವಾಂತಿಭೇದಿ ಅಂತ ಬಂದರೆ ತಪ್ಪು ಯಾರದು?

ರಾತ್ರಿಪಾಳಿ:
ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಕೊಳೆಗೇರಿಯ ಎರಡು ವರ್ಷದ ಮಗುವೊಂದು ಮೂರು ತಿಂಗಳಲ್ಲಿ ಮೂರು ಸಲ ವಾಂತಿಭೇದಿ ಅಂತ ಬಂತು. ಓಆರ್‌ಎಸ್, ಝಿಂಕ್ ಕೊಡುತ್ತೇವೆ. ಚೇತರಿಸಿಕೊಂಡು ಹೋಗುತ್ತದೆ, ಮತ್ತೆ ಬರುತ್ತದೆ. "ನೀರು ಕುದಿಸಿ ಕೊಡಮ್ಮ" ಅಂದೆ. "ಕುದಿಸೋಕೆ ಉರುವಲು ಎಲ್ಲಿಂದ ತರಲಿ ಅಕ್ಕಾ?" ಅಂದಳು ತಾಯಿ. ನನಗೆ ಮಾತೇ ಹೊರಡಲಿಲ್ಲ. ಇಲ್ಲಿ ಸರ್ಕಾರ ಮಾಡಬೇಕಾದ್ದೇನು? ಹಾಸಿಗೆ ಜಾಸ್ತಿ ಮಾಡೋದಾ, ಬೇರೇನಾದರೂನಾ?

ನೀರುಗಂಟಿ:
ಮೂವತ್ತು ವರ್ಷ ವಾಲ್ವ್ ತಿರುಗಿಸಿದವನು ನಾನು. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಟ್ಟರೆ ಉಳಿದ ಹೊತ್ತು ಪೈಪಿನಲ್ಲಿ ಒತ್ತಡ ಇರಲ್ಲ. ಸಣ್ಣ ಬಿರುಕಿದ್ದು, ಪಕ್ಕದಲ್ಲೇ ಚರಂಡಿ ಇದ್ದರೆ ಆ ಕೊಚ್ಚೆ ಒಳಗೆ ಸೇರುತ್ತದೆ. ಮರುದಿನ ನಲ್ಲಿಯಲ್ಲಿ ಮೊದಲು ಬರೋದು ಅದೇ. ಜಾಗದ ಕಾಗದ ಇಲ್ಲದವರಿಗೆ ಕನೆಕ್ಷನ್ ಕೊಡುತ್ತಿರಲಿಲ್ಲ. ಅವರೇ ಎಲ್ಲಿಂದಲೋ ಪ್ಲಾಸ್ಟಿಕ್ ಪೈಪ್ ಎಳೆದು ಮೋರಿಯೊಳಗೇ ಹಾಯಿಸಿಕೊಳ್ಳುತ್ತಿದ್ದರು. ಬೈದಿದ್ದೇನೆ, ಕಿತ್ತೂ ಹಾಕಿದ್ದೇನೆ. ಬೆಳಗಾದರೆ ಮತ್ತೆ ಅಲ್ಲೇ ಇರುತ್ತಿತ್ತು. ಕುಡಿಯಬೇಕಲ್ವಾ!

ನಲ್ಲಿಯ ಬಾಯಲ್ಲಿ ಲೀಟರ್‌ಗೆ 0.2 ಮಿಲಿಗ್ರಾಂ ಆದರೂ ಕ್ರಿಮಿ ಕೊಲ್ಲುವ ಕ್ಲೋರಿನ್ ಉಳಿದಿರಬೇಕು. ನಾವು ಅಳೆಯುತ್ತಿದ್ದದ್ದು ಟ್ಯಾಂಕ್ ಹತ್ತಿರ. ಸಾಲಿನ ಕೊನೇ ಮನೆಗೆ ಯಾರೂ ಹೋಗುತ್ತಿರಲಿಲ್ಲ, ನಾನೂ ಹೋಗಲಿಲ್ಲ.

ಖಾರವಾದ ಮಾತು:
ಎಲ್ಲದಕ್ಕೂ ಸರ್ಕಾರ ಅಂದರೆ ಹೇಗೆ? ಕೈ ತೊಳೆಸೋದಕ್ಕೂ ಅದೇ ಬರಬೇಕಾ?

ಹಳೇಕಡತ:
1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾಕ್ಕೆ 8 ಸಾವಿರಕ್ಕೂ ಜಾಸ್ತಿ ಜನ ಸತ್ತರು. ಅಂಟಿಕೊಂಡೇ ಇದ್ದ ಆಲ್ಟೋನಾ ಹೆಚ್ಚುಕಮ್ಮಿ ಪಾರಾಯಿತು. ಎರಡಕ್ಕೂ ಎಲ್ಬ್ ನದಿಯದೇ ನೀರು. ಆಲ್ಟೋನಾಕ್ಕೆ ಸಿಗುತ್ತಿದ್ದದ್ದು ಹ್ಯಾಂಬರ್ಗ್‌ನ ಹೊಲಸು ಸೇರಿದ ನಂತರದ ನೀರು, ಇನ್ನೂ ಕೆಟ್ಟದ್ದು. ಆದರೆ ಅದನ್ನು ಮರಳಿನಲ್ಲಿ ಸೋಸಿ ಬಿಡುತ್ತಿದ್ದರು. ಹ್ಯಾಂಬರ್ಗ್ ಆಡಳಿತ ಖರ್ಚಿನ ಲೆಕ್ಕ ಹಾಕುತ್ತಾ ಆ ಕೆಲಸವನ್ನು ವರ್ಷಗಟ್ಟಲೆ ಮುಂದೂಡಿತ್ತು. ಗಡಿಯ ಬೀದಿಯಲ್ಲಿ ಒಂದು ಬದಿ ಕಾಲರಾ, ಎದುರು ಬದಿ ಇಲ್ಲ. ಆ ಬದಿಯವರು ಕೈ ಜಾಸ್ತಿ ತೊಳೆಯುತ್ತಿದ್ದರಾ ಸ್ವಾಮೀ?

ರಾತ್ರಿಪಾಳಿ:
ನಿನ್ನೆ ಸುಮ್ನೆ ರಿಜಿಸ್ಟರ್ ತಿರುವಿ ಹಾಕಿದೆ. ಈ ತಿಂಗಳು ಬಂದ ಹನ್ನೊಂದು ಮಕ್ಕಳಲ್ಲಿ ಏಳು ಒಂದೇ ಬೀದಿಯವು. ಮೇಲಿನವರಿಗೆ ತೋರಿಸಿದೆ. "ಪೈಪ್ ನಮ್ಮ ಇಲಾಖೆಗೆ ಬರಲ್ಲ" ಅಂದರು. ನೀರುಗಂಟಿಯವರೇ, ಅರ್ಜಿ ಯಾರ ಹೆಸರಿಗೆ ಬರೀಲಿ? ಕೊನೇ ಮನೆ ನಂಬರ್ ಹಾಕಿಯೇ ಬರೀತೀನಿ.